ಮಡಚು ಚಾಕುವಿಗೆ ಬಳ್ಳಾರಿ ಜಾಲಿಯ ಹಿಡಿಕೆ: ಬಿಚ್ಚುವುದರಿಂದ ಎಣ್ಣೆ ಕುಡಿಸುವವರೆಗೆ

ಮಡಚು ಚಾಕುವಿನಲ್ಲಿ ಅಲಗಿಗಿಂತ ಮೊದಲು ಹಾಳಾಗುವುದು ಹಿಡಿಕೆ. ಕಲಬುರಗಿ, ಯಾದಗಿರಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯಲ್ಲೋ ಟ್ರ್ಯಾಕ್ಟರ್ ಸೀಟಿನ ಕೆಳಗೋ ಬಿದ್ದ ಚಾಕುವಿನ ಪ್ಲಾಸ್ಟಿಕ್ ಪಟ್ಟಿ ಡೊಂಕಾಗುತ್ತದೆ, ಪಿನ್ನಿನ ಸುತ್ತ ಸೀಳುತ್ತದೆ. ಉಕ್ಕು ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಅಂಥ ಚಾಕುವಿಗೆ ಮನೆಯಲ್ಲೇ ಮರದ ಹಿಡಿಕೆ ಹಾಕಬಹುದು. ಎರಡು ರಜಾದಿನದ ಕೆಲಸ, ನಡುವೆ ಅಂಟು ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ, ಮತ್ತು ಪೂರ್ತಿ ಒಣಗಿದ ಮರದ ಎರಡು ತುಂಡು ಬೇಕು. ಹೆಚ್ಚಿನ ಹಿಡಿಕೆಗಳು ಕೆಡುವುದು ಮರ ಪೂರ್ತಿ ಒಣಗದಿದ್ದುದರಿಂದಲೇ. ಹಾಗಾಗಿ ಮರದ ವಿಚಾರಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಚಾಕುವಿನ ಜಾತಿ ಗುರುತಿಸಿ

ಹಿಡಿಕೆಯ ಮೇಲೆ ನಕ್ಷತ್ರದಾಕಾರದ ತಲೆಯ ಸ್ಕ್ರೂಗಳಿದ್ದರೆ ಕೆಲಸ ಸುಲಭ. ಟಾರ್ಕ್ಸ್ ಟಿ6 ಮತ್ತು ಟಿ8 ಬಿಟ್‌ಗಳಲ್ಲಿ ಬಹುಪಾಲು ಬಿಚ್ಚುತ್ತವೆ. ಬಿಗಿ ಹಿಡಿದಿದ್ದರೆ ಬಲ ಹಾಕಬೇಡಿ, ಸ್ಕ್ರೂ ತಲೆ ಸವೆದರೆ ಮತ್ತೆ ದಾರಿಯಿಲ್ಲ. ಕಾಯಿಸಿದ ಸೋಲ್ಡರಿಂಗ್ ಕಬ್ಬಿಣವನ್ನು ಅರ್ಧ ನಿಮಿಷ ಸ್ಕ್ರೂ ತಲೆಗೆ ಒತ್ತಿ ಹಿಡಿಯಿರಿ. ಎಳೆಗೆ ಹಾಕಿದ ಅಂಟು ಮೆತ್ತಗಾಗಿ ಸ್ಕ್ರೂ ತಿರುಗುತ್ತದೆ. ಹಳೆಯ ಪಟ್ಟಿಯನ್ನೇ ಅಚ್ಚಾಗಿ ಇಟ್ಟು ಹೊಸದನ್ನು ಕತ್ತರಿಸಬಹುದು, ಆದರೆ ದಪ್ಪ ಹಳೆಯದರಷ್ಟೇ ಇರಲಿ. ದಪ್ಪ ಹೆಚ್ಚಾದರೆ ಸ್ಕ್ರೂ ಎಳೆ ಹಿಡಿಯುವುದಿಲ್ಲ, ಕಡಿಮೆಯಾದರೆ ತುದಿ ಒಳಗೆ ಚಾಚಿ ಅಲಗನ್ನು ಗೀರುತ್ತದೆ. ಸ್ಕ್ರೂ ತಲೆ ಕೂರುವ ಕುಳಿಯ ತಳ ಚಪ್ಪಟೆಯಾಗಿರಬೇಕು. ಇಳಿಜಾರು ಕುಳಿಯಲ್ಲಿ ಸ್ಕ್ರೂ ಬಿಗಿದಂತೆಲ್ಲ ಅದು ಮರವನ್ನು ಎರಡೂ ಕಡೆಗೆ ತಳ್ಳಿ ಸೀಳುತ್ತದೆ.

ವಿಕ್ಟೋರಿನಾಕ್ಸ್ ಮಾದರಿಯ ಕೆಂಪು ಚಾಕುಗಳಲ್ಲಿ ಪಟ್ಟಿಯನ್ನು ಒಳಗಿನ ಹಿತ್ತಾಳೆ ರಿವೆಟ್ ತಲೆಗಳ ಮೇಲೆ ಒತ್ತಿ ಕೂರಿಸಿರುತ್ತಾರೆ. ತೆಳು ಅಲಗಿನಿಂದ ಮೆಲ್ಲಗೆ ಎತ್ತಿದರೆ ಬರುತ್ತದೆ. ಹೊಸ ಮರದ ಒಳಬದಿಯಲ್ಲಿ ಆ ತಲೆಗಳಿಗೆ ಕುಳಿ ಕೊರೆದು ಅಂಟಿಸಿದರೆ ಆಯಿತು, ಬೇರೇನನ್ನೂ ಬಿಚ್ಚಬೇಕಿಲ್ಲ.

ಈ ಲೇಖನದ ಮುಖ್ಯ ವಿಷಯ ಮೂರನೆಯ ಜಾತಿ: ಎರಡು ಹಿತ್ತಾಳೆ ಒಳತಗಡು, ನಡುವೆ ಬೆನ್ನಿನ ಸ್ಪ್ರಿಂಗ್, ಹೊರಗೆ ಎರಡು ಪಟ್ಟಿ, ಎಲ್ಲವನ್ನೂ ಆರಪಾರ ಹಿಡಿದ ಮೂರು ಪಿನ್. ಅಲಗು ತಿರುಗುವುದು ಮುಂದಿನ ಪಿನ್ನಿನ ಮೇಲೆ. ನಡುವಿನದೂ ಹಿಂದಿನದೂ ಸ್ಪ್ರಿಂಗನ್ನು ಹಿಡಿಯುತ್ತವೆ. ಪಿನ್ನುಗಳ ತಲೆ ಪಟ್ಟಿಯ ಹೊರಮೈಯಲ್ಲೇ ಬಡಿದಿರುವುದರಿಂದ, ಪಟ್ಟಿ ತೆಗೆದರೆ ಇಡೀ ಚಾಕು ಸಡಿಲವಾಗುತ್ತದೆ. ಹಳೆ ಪಿನ್ ಹಾಗೇ ಬಿಟ್ಟು ಮೇಲೆ ಮರ ಅಂಟಿಸಿದ ಚಾಕು ನಾಲ್ಕು ದಿನ ನಡೆದು, ಸ್ಪ್ರಿಂಗಿನ ಒತ್ತಡಕ್ಕೆ ಬಾಯಿ ಬಿಡುತ್ತದೆ. ಆದ್ದರಿಂದ ಪೂರ್ತಿ ಬಿಚ್ಚಿ, ಹೊಸ ಪಿನ್ ಹಾಕಬೇಕು. ಅಡ್ಡದಾರಿ ಇಲ್ಲ.

ಮರ

ನಮ್ಮ ಭಾಗದಲ್ಲಿ ಮರ ಅಲುಗಾಡುತ್ತಲೇ ಇರುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ಅದರೊಳಗಿನ ತೇವ ತೂಕದ ಸುಮಾರು 5%ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶ 80% ತಲುಪಿದರೆ ಅದೇ ಮರ 15%ರವರೆಗೆ ನೀರು ಎಳೆದುಕೊಳ್ಳುತ್ತದೆ. ಉದ್ದಕ್ಕೆ ಇದರಿಂದ ಹೆಚ್ಚುಕಡಿಮೆ ಏನೂ ಆಗದು, ಅಡ್ಡಕ್ಕೆ ಆಗುತ್ತದೆ. 20 ಮಿಮೀ ಅಗಲದ ಸಾಮಾನ್ಯ ಗಟ್ಟಿಮರದ ಪಟ್ಟಿ ಈ ಏರಿಳಿತದಲ್ಲಿ 0.4ರಿಂದ 0.5 ಮಿಮೀ ಹಿಗ್ಗಿ ಕುಗ್ಗುತ್ತದೆ. ಅಂಕಿ ಸಣ್ಣದು, ಆದರೆ ಹಿತ್ತಾಳೆಯ ಅಂಚು ಮರದಿಂದ ಹೊರಗೆ ಚಾಚಿದ್ದು ಉಗುರಿಗೆ ತಾಗಲು ಅದರ ಕಾಲು ಭಾಗ ಸಾಕು. ಆಗಸ್ಟಿನಲ್ಲಿ ಹಸಿಯಾಗಿಯೇ ಕೂರಿಸಿದ ಮರ ಮಾರ್ಚ್ ಬರುವ ಹೊತ್ತಿಗೆ ಕುಗ್ಗಲು ನೋಡುತ್ತದೆ, ಕೆಳಗಿನ ಅಂಟು ಬಿಡುವುದಿಲ್ಲ. ಆ ಎಳೆದಾಟ ಬಿಡುಗಡೆಯಾಗುವುದು ಅತಿ ದುರ್ಬಲ ಜಾಗದಲ್ಲಿ, ಅಂದರೆ ಪಿನ್ನಿನ ತೂತಿನಲ್ಲಿ. ಪಿನ್ನಿನಿಂದ ಪಿನ್ನಿಗೆ ಎಳೆಯುದ್ದಕ್ಕೂ ಓಡುವ ಸೀಳಿಗೆ ಕಾರಣ ಇದು.

ಹಾಗಾದರೆ ಯಾವ ಮರ? ಎಲ್ಲರೂ ಶಪಿಸುವ ಬಳ್ಳಾರಿ ಜಾಲಿ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು ಹಳ್ಳದ ದಂಡೆ, ಬೀಳು ಹೊಲ, ರೈಲು ಹಳಿಯ ಪಕ್ಕ ಎಲ್ಲ ಆವರಿಸಿದ ಈ ಗಿಡವನ್ನು ಸೌದೆಗೆ, ಇದ್ದಿಲಿಗೆ ಬಿಟ್ಟರೆ ಬೇರೆ ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಆದರೆ ಒಣಗುವಾಗ ಇಷ್ಟು ಕಡಿಮೆ ಕುಗ್ಗುವ ಮರ ಸುತ್ತಮುತ್ತ ಸಿಗುವುದು ಕಷ್ಟ. ಮೇಲೆ ಹೇಳಿದ 20 ಮಿಮೀ ಅಗಲಕ್ಕೆ ಇದರ ಚಲನೆ ಸುಮಾರು ಅರ್ಧ. ಅದೂ ಎಲ್ಲ ದಿಕ್ಕಿಗೆ ಹತ್ತಿರ ಹತ್ತಿರ ಸಮನಾಗಿ, ಹಾಗಾಗಿ ತಿರುಚಿಕೊಳ್ಳುವುದೂ ಕಡಿಮೆ. ಗಟ್ಟಿಯೂ ಹೌದು, ಎಣ್ಣೆ ಕುಡಿಸಿದ ಮೇಲೆ ಕೆಂಪು ಛಾಯೆಯ ಕಂದು ಬಣ್ಣ ಎದ್ದು ಬರುತ್ತದೆ. ಬೀಟೆ ಮರ ಹುಡುಕಿಕೊಂಡು ದುಡ್ಡು ಸುರಿಯುವ ಮುನ್ನ ಕಟ್ಟಿಗೆ ಅಡ್ಡೆಗೆ ಹೋಗಿ ಇದನ್ನು ನೋಡಿ.

ಬೇಕಾದ್ದು ಒಳತಿರುಳು ಮಾತ್ರ. ಹೊರಗಿನ ಹಳದಿ ಭಾಗವನ್ನು ಹುಳು ಬಿಡುವುದಿಲ್ಲ. 15 ಸೆಂಮೀ ದಪ್ಪದ ಬೊಡ್ಡೆ ಸಿಕ್ಕರೆ ಎರಡು ಚಾಕುವಿಗೆ ಸಾಕಷ್ಟು ತಿರುಳು ಬರುತ್ತದೆ. ನಟ್ಟನಡುವಿನ ಬೆಂಡನ್ನೂ ಅದರಿಂದ ಹೊರಟ ಬಿರುಕುಗಳನ್ನೂ ಬಿಟ್ಟು, ಬಡಿಗರ ಗರಗಸದಲ್ಲಿ 8 ಮಿಮೀ ದಪ್ಪದ ಹಲಗೆಗಳಾಗಿ ಸೀಳಿಸಿ. ಮುಳ್ಳು ಚುಚ್ಚಿದರೆ ಬಾವು ಬರುತ್ತದೆ, ಕೈಗವಸು ಇರಲಿ. ಹಲಗೆಯ ಎರಡೂ ತುದಿಗಳಿಗೆ ಕರಗಿಸಿದ ಮೇಣ ಅಥವಾ ಹಳೆ ಪೇಂಟ್ ಬಳಿಯಿರಿ. ತುದಿಯಿಂದ ನೀರು ಬೇಗ ಹಾರುವುದರಿಂದ ಬಿರುಕು ಅಲ್ಲೇ ಶುರುವಾಗುತ್ತದೆ. ನಡುವೆ ಕಡ್ಡಿ ಇಟ್ಟು ಒಂದರ ಮೇಲೊಂದು ಪೇರಿಸಿ, ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಬಿಸಿಲಿಗೆ ಹಾಕಿದರೆ ಮೇಲ್ಮೈ ಮೊದಲು ಒಣಗಿ ಒಳಗೆ ಸೀಳುತ್ತದೆ.

ಒಣಗಿತೋ ಇಲ್ಲವೋ ಎನ್ನುವುದನ್ನು ತಕ್ಕಡಿ ಹೇಳುತ್ತದೆ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಸತತ ಎರಡು ವಾರ ತೂಕ ಇಳಿಯದಿದ್ದರೆ ಆ ಋತುವಿನ ಮಟ್ಟಕ್ಕೆ ಒಣಗಿದೆ. ಏಪ್ರಿಲ್–ಮೇನಲ್ಲಿ 8 ಮಿಮೀ ಹಲಗೆಗೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಹಿಡಿಕೆ ಕೂರಿಸುವ ಕೆಲಸವನ್ನೂ ಆ ಒಣ ದಿನಗಳಲ್ಲೇ ಮುಗಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಮರ ಕೂದಲೆಳೆಯಷ್ಟು ಉಬ್ಬಿ ಹಿತ್ತಾಳೆಯ ಮೇಲೆ ಬಂದರೆ ಕೈಗೆ ಏನೂ ಅನಿಸುವುದಿಲ್ಲ, ಕುಗ್ಗಿದರೆ ಮಾತ್ರ ಚುಚ್ಚುತ್ತದೆ.

ಕಾಯಲು ಮನಸ್ಸಿಲ್ಲದಿದ್ದರೆ ಹಳೆ ಮನೆ ಕೆಡವಿದಾಗ ಸಿಗುವ ಸಾಗವಾನಿ ಚೌಕಟ್ಟಿನ ತುಂಡು ಹಿಡಿಯಿರಿ, ದಶಕಗಳಿಂದ ಒಣಗಿದ ಮರ ಅದು. ಜಾಲಿಯಷ್ಟು ಗಟ್ಟಿಯಲ್ಲ, ಅರಗಳನ್ನು ಬೇಗ ಮೊಂಡು ಮಾಡುತ್ತದೆ, ಆದರೂ ನಂಬಬಹುದು. ಕರಿಜಾಲಿ ಮತ್ತು ಹುಣಸೆಯ ತಿರುಳು ನೋಡಲು ಚೆಂದ, ಬಾಳಿಕೆಯೂ ಇದೆ, ಒಣಗಿಸಲು ಹೆಚ್ಚು ತಾಳ್ಮೆ ಬೇಕು. ಎಮ್ಮೆ ಕೊಂಬು ಬೇಸಿಗೆಯಲ್ಲಿ ಬಾಗುತ್ತದೆ, ಮೊದಲ ಚಾಕುವಿಗೆ ಬೇಡ. ಜಿಂಕೆ, ಕಡವೆ, ಬೀದರ್ ಸುತ್ತಿನ ಬಯಲುಗಳಲ್ಲಿ ಕಾಣುವ ಕೃಷ್ಣಮೃಗ, ಇವುಗಳ ಕೊಂಬು ಕಾಡಿನಲ್ಲಿ ಬಿದ್ದು ಸಿಕ್ಕಿದ್ದಾದರೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು

ಪಿನ್ನಿಗೆ ಹಿತ್ತಾಳೆ ಸಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೇಳಿ: 14 ಗೇಜ್ ಅಂದರೆ 2.03 ಮಿಮೀ, 12 ಗೇಜ್ ಅಂದರೆ 2.64 ಮಿಮೀ. ಹಿಂದಿನ ಎರಡು ಪಿನ್ನಿಗೆ ಸಾಮಾನ್ಯವಾಗಿ ಮೊದಲನೆಯದು, ಅಲಗು ತಿರುಗುವ ಪಿನ್ನಿಗೆ ಎರಡನೆಯದು ಹೊಂದುತ್ತದೆ. ಆದರೂ ಹಳೆ ಪಿನ್ ಅಳೆಯದೆ ಕೊಳ್ಳಬೇಡಿ. ಸುರುಳಿಯಿಂದ ಕತ್ತರಿಸಿದ ಸಳಿ ಬಾಗಿರುತ್ತದೆ, ಎರಡು ಶಹಾಬಾದ್ ಕಲ್ಲಿನ ನಡುವೆ ಒತ್ತಿ ಉರುಳಿಸಿದರೆ ನೇರವಾಗುತ್ತದೆ.

ಇನ್ನು, ವರ್ನಿಯರ್ ಕ್ಯಾಲಿಪರ್, 100ರಿಂದ 150 ಗ್ರಾಂ ತೂಕದ ಗುಂಡುತಲೆ ಸುತ್ತಿಗೆ, ಚಪ್ಪಟೆ ಅರ ಮತ್ತು ಅರ್ಧಗುಂಡು ಅರ, ಸೂಜಿ ಅರಗಳ ಒಂದು ಕಟ್ಟು, 2 ಮತ್ತು 2.6 ಮಿಮೀ ಡ್ರಿಲ್ ಬಿಟ್, ಎರಡು ಟ್ಯೂಬಿನ ಎಪಾಕ್ಸಿ ಅಂಟು, 80ರಿಂದ 600ರವರೆಗಿನ ಎಮರಿ ಕಾಗದ, ನಾಲ್ಕು ಸಣ್ಣ ಕ್ಲ್ಯಾಂಪ್. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಡ, ನಿಧಾನದ್ದೇ ಇರಲಿ. ಅಡಿಗಲ್ಲಾಗಿ ರೈಲು ಹಳಿಯ ತುಂಡು ಗುಜರಿಯಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಒಂದು ಚೌಕ ಬೇಕೇ ಬೇಕು, ಎಮರಿ ಕಾಗದ ಹಾಸಿ ತಗಡು ಮಟ್ಟಮಾಡುವುದು ಅದರ ಮೇಲೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ, ಕೆಳಗೆ ಬೆಳಕು ಕಾಣದ ಜಾಗವನ್ನೇ ಬಳಸಿ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಜಾಲಿಯ ಧೂಳು ಗಂಟಲು ಕೆರಳಿಸುತ್ತದೆ.

ಬಿಚ್ಚುವುದು

ಮೊದಲು ಅಲಗಿನ ಬಾಯಿಗೆ ಮಾಸ್ಕಿಂಗ್ ಟೇಪನ್ನು ನಾಲ್ಕೈದು ಸುತ್ತು ಸುತ್ತಿ. ಈ ಕೆಲಸದಲ್ಲಿ ಆಗುವ ಗಾಯಗಳು ಹೆಚ್ಚಾಗಿ ಟೇಪ್ ಸುತ್ತದೆ ಬಿಟ್ಟವರದೇ. ಬಿಚ್ಚುವ ಮುನ್ನ ಚಾಕುವಿನ ಒಟ್ಟು ದಪ್ಪ, ಅಲಗಿನ ಬುಡದ ದಪ್ಪ, ಪಟ್ಟಿಯ ದಪ್ಪ ಅಳೆದು ಬರೆದಿಡಿ. ಎರಡೂ ಮಗ್ಗುಲಿನ ಫೋಟೊ ಇರಲಿ.

ಪಿನ್ನಿನ ತಲೆಯನ್ನು ಅರದಿಂದ ಪಟ್ಟಿಯ ಮಟ್ಟಕ್ಕೆ ಉಜ್ಜಿ. ಸರಿಯಾಗಿ ನಡುವೆ ಪಂಚಿನಿಂದ ಗುರುತು ಹೊಡೆದು, ಪಿನ್ನಿಗಿಂತ ಸ್ವಲ್ಪ ಸಣ್ಣ ಬಿಟ್‌ನಿಂದ 2 ಮಿಮೀ ಆಳ ಕೊರೆಯಿರಿ. ಅಗಲವಾದ ತಲೆ ಅಲ್ಲಿಗೆ ಸಡಿಲವಾಗುತ್ತದೆ. 6 ಮಿಮೀ ತೂತಿರುವ ಮರದ ಅಡಿಗಟ್ಟೆಯ ಮೇಲೆ ಚಾಕು ಇಟ್ಟು, ತುದಿ ಚಪ್ಪಟೆ ಮಾಡಿದ ಮೊಳೆಯಿಂದ ಪಿನ್ನನ್ನು ಕೆಳಕ್ಕೆ ಬಡಿದು ತೆಗೆಯಿರಿ. ಅಲಗು ಮಡಚಿದ ಸ್ಥಿತಿಯಲ್ಲಿ ಮುಂದಿನ ಪಿನ್ ಮೊದಲು, ಆಮೇಲೆ ನಡುವಿನದು, ಕೊನೆಗೆ ಹಿಂದಿನದು. ಅಲಗು ಹೊರಬಂದರೆ ಸ್ಪ್ರಿಂಗಿನ ಒತ್ತಡ ಇಳಿಯುತ್ತದೆ, ಉಳಿದ ಎರಡು ಸುಲಭವಾಗಿ ಬರುತ್ತವೆ. ಡ್ರಿಲ್ ತಗಡಿನವರೆಗೆ ಇಳಿದರೆ ತಗಡಿನ ತೂತು ಅಗಲವಾಗುತ್ತದೆ, ಆಮೇಲೆ ಎಷ್ಟು ಚೆನ್ನಾಗಿ ಬಡಿದರೂ ಅಲಗು ಅಲುಗಾಡುತ್ತದೆ. ಆದ್ದರಿಂದ ಆಳದ ಗುರುತಿಗೆ ಬಿಟ್ಟಿನ ಮೇಲೆ ಟೇಪ್ ಸುತ್ತಿ.

ಅಲಗಿನ ಬುಡಕ್ಕೆ ತುಕ್ಕಿದ್ದರೆ ಡೀಸೆಲ್ ಹಚ್ಚಿ 600ರ ಕಾಗದದಿಂದ ಒರೆಸಿ, ಅಷ್ಟೇ. ಬುಡದ ಮಗ್ಗುಲನ್ನು ಉಜ್ಜಿ ತೆಳುಮಾಡಬೇಡಿ. ಅದು ಸ್ಪ್ರಿಂಗಿಗಿಂತ ಕೂದಲೆಳೆಯಷ್ಟು ದಪ್ಪ ಇರುವುದರಿಂದಲೇ ಅಲಗು ಅತ್ತಿತ್ತ ಅಲುಗದೆ ತಿರುಗುತ್ತದೆ. ಸ್ಪ್ರಿಂಗ್ ತಾಗುವ ಮೂಲೆಗಳಿಗಂತೂ ಅರ ಮುಟ್ಟಿಸಲೇಬೇಡಿ, ಅಲ್ಲಿ ಸವೆದರೆ ಮಡಚಿದಾಗ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿದು ಮೊಂಡಾಗುತ್ತದೆ. ಅಲಗನ್ನು ಬೆಂಕಿಗೆ ಹಿಡಿಯುವುದೂ ಬೇಡ. 200 ಡಿಗ್ರಿ ದಾಟಿದರೆ ಹದ ಇಳಿಯತೊಡಗುತ್ತದೆ, ಅದನ್ನು ಮನೆಯಲ್ಲಿ ಮತ್ತೆ ತರಲಾಗದು.

ತಗಡು ಮತ್ತು ಪಟ್ಟಿ

ಹಿತ್ತಾಳೆ ತಗಡಿನ ಹೊರಮೈ ಮೇಲೆ ಮಾರ್ಕರ್‌ನಿಂದ ಗೀಚಿ, ಕಲ್ಲಿನ ಮೇಲೆ ಹಾಸಿದ 220ರ ಕಾಗದಕ್ಕೆ ಉಜ್ಜಿ. ಶಾಯಿ ಉಳಿದ ಕಡೆ ಗುಂಡಿ ಇದೆ ಎಂದರ್ಥ. ನಡುವೆ ಸ್ವಲ್ಪ ಗುಂಡಿ ಇದ್ದರೆ ಪರವಾಗಿಲ್ಲ, ಅಂಚಿನುದ್ದಕ್ಕೂ ಶಾಯಿ ಹೋಗಿರಲೇಬೇಕು. ಮರದ ಒಳಮೈಯನ್ನೂ ಹೀಗೆಯೇ ಮಟ್ಟಮಾಡಿ. ಒಂದಕ್ಕೊಂದು ತಾಗಿದ್ದಂತೆ ಸೀಳಿದ ಎರಡು ಹಲಗೆಗಳನ್ನು ಪುಸ್ತಕದಂತೆ ತೆರೆದಿಟ್ಟು ಒಂದೊಂದರಿಂದ ಒಂದು ಪಟ್ಟಿ ತೆಗೆದರೆ ಎಳೆಗಳು ಎರಡೂ ಕಡೆ ಹೊಂದುತ್ತವೆ. ಅಳತೆ: ತಗಡಿಗಿಂತ 1 ಸೆಂಮೀ ಉದ್ದ, 4 ಮಿಮೀ ಅಗಲ ಹೆಚ್ಚು, ದಪ್ಪ 5 ಮಿಮೀ. ಮುಗಿಯುವಾಗ ದಪ್ಪ 3 ಮಿಮೀಗೆ ಇಳಿಯುತ್ತದೆ. 2.5 ಮಿಮೀ ಅಲಗು, 0.8ರ ಎರಡು ತಗಡು, 3ರ ಎರಡು ಪಟ್ಟಿ ಕೂಡಿದರೆ ಒಟ್ಟು 10.1 ಮಿಮೀ, ಜೇಬಿಗೂ ಮುಷ್ಟಿಗೂ ಹಿತವಾದ ಅಳತೆ.

ತಗಡಿನ ಹೊರಮೈಯನ್ನು 80ರ ಕಾಗದದಿಂದ ಅಡ್ಡಾದಿಡ್ಡಿ ಗೀರಿ, ಅಸಿಟೋನ್‌ನಿಂದ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಉಗುರುಬಣ್ಣ ತೆಗೆಯುವ ದ್ರವ ಇದಕ್ಕೆ ನಡೆಯದು, ಅದರಲ್ಲಿ ಎಣ್ಣೆ ಅಂಶ ಇರುತ್ತದೆ. ಎಪಾಕ್ಸಿಯ ಎರಡೂ ಭಾಗ ಸಮ ಪ್ರಮಾಣದಲ್ಲಿ ಹಿಂಡಿ, ಪೂರ್ತಿ ಎರಡು ನಿಮಿಷ ಕಲಸಿ. ಅರೆಬರೆ ಕಲಸಿದ ಅಂಟು ಜಿಗುಟಾಗಿಯೇ ಉಳಿಯುತ್ತದೆ. 40 ಡಿಗ್ರಿ ಮಧ್ಯಾಹ್ನದಲ್ಲಿ ಅಂಟು ಕೈಯಲ್ಲೇ ಗಟ್ಟಿಯಾಗತೊಡಗುತ್ತದೆ, ಶಾಖ ಹತ್ತು ಡಿಗ್ರಿ ಏರಿದರೆ ಸಿಗುವ ಸಮಯ ಅರ್ಧಕ್ಕೆ ಇಳಿಯಿತು ಎಂದೇ ಲೆಕ್ಕ. ಈ ಕೆಲಸ ಬೆಳಗ್ಗೆ ಎಂಟರೊಳಗೆ ಮಾಡಿ. ತೆಳುವಾಗಿ ಹಚ್ಚಿ, ಕ್ಲ್ಯಾಂಪ್ ಹದವಾಗಿ ಬಿಗಿಯಿರಿ. ಬಲ ಹಾಕಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಒಳಗೆ ಏನೂ ಉಳಿಯುವುದಿಲ್ಲ. ತೂತುಗಳಿಗೆ ನುಗ್ಗಿದ ಅಂಟನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. 24 ಗಂಟೆ ಮುಟ್ಟಬೇಡಿ.

ಅಂಟನ್ನು ಎಷ್ಟು ನಂಬಬೇಕು ಎನ್ನುವುದೂ ತಿಳಿದಿರಲಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುತ್ತದೆ, ಮನೆಬಳಕೆಯ ಎಪಾಕ್ಸಿ ಆ ಶಾಖಕ್ಕೆ ಮೆತ್ತಗಾಗುತ್ತದೆ. ಹಿಡಿಕೆಯನ್ನು ನಿಜವಾಗಿ ಹಿಡಿಯುವುದು ಪಿನ್. ನೀರು, ಧೂಳು ನಡುವೆ ಹೋಗದಂತೆ ತಡೆಯುವುದು ಅಂಟಿನ ಕೆಲಸ.

ಮರುದಿನ, ತಗಡಿನ ತೂತನ್ನೇ ದಾರಿಯಾಗಿಟ್ಟು ತಗಡಿನ ಕಡೆಯಿಂದ ಮರವನ್ನು ಕೊರೆಯಿರಿ. ಕೆಳಗೆ ಬೇರೊಂದು ಮರದ ತುಂಡು ಒತ್ತಿ ಹಿಡಿದಿದ್ದರೆ ಹೊರಬಾಯಿ ಚಕ್ಕೆ ಏಳುವುದಿಲ್ಲ. ಎರಡೂ ಪಟ್ಟಿ ಸೇರಿಸಿ ಒಮ್ಮೆಗೇ ಕೊರೆಯುವ ಆಸೆ ಬೇಡ. ಕೈ ಡ್ರಿಲ್ 2 ಡಿಗ್ರಿ ವಾಲಿದರೆ 10 ಮಿಮೀ ದಪ್ಪದಲ್ಲಿ ತೂತು 0.35 ಮಿಮೀ ಸರಿಯುತ್ತದೆ, ಒಂದೊಂದೇ ಕೊರೆದರೆ ತಪ್ಪು ಅದರ ಅರ್ಧಕ್ಕೂ ಕಡಿಮೆ. ಡ್ರಿಲ್ ಸ್ಟ್ಯಾಂಡ್ ಇದ್ದರೆ ಈ ಚಿಂತೆಯೇ ಇಲ್ಲ. ಹಿತ್ತಾಳೆ ಬಿಟ್ಟನ್ನು ತಟ್ಟನೆ ಕಚ್ಚಿ ಹಿಡಿಯುತ್ತದೆ, ತಗಡನ್ನು ಬರಿಗೈಯಲ್ಲಿ ಹಿಡಿದು ಕೊರೆದರೆ ಅದು ಗಿರಕಿ ಹೊಡೆದು ಬೆರಳು ಕುಯ್ಯುತ್ತದೆ. ಕ್ಲ್ಯಾಂಪ್ ಕಡ್ಡಾಯ.

ಮರವನ್ನು ಮೊದಲು 3 ಮಿಮೀ ದಪ್ಪದ ಹತ್ತಿರಕ್ಕೆ ಇಳಿಸಿಕೊಂಡು, ಹೊರಬಾಯಿಗೆ ಸೂಜಿ ಅರದಿಂದ 1 ಮಿಮೀ ಆಳದವರೆಗೆ ಇಳಿಜಾರು ಕೊಡಿ, ಬಾಯಿ ತಳಕ್ಕಿಂತ 0.3 ಮಿಮೀ ಅಗಲವಾದರೆ ಸಾಕು. ಬಡಿದಾಗ ಪಿನ್ ಉಬ್ಬಿ ಈ ಇಳಿಜಾರನ್ನು ತುಂಬಿಕೊಳ್ಳುತ್ತದೆ. ಆಮೇಲೆ ಮಟ್ಟಕ್ಕೆ ಉಜ್ಜಿದರೂ ಪಿನ್ ಹಿಂದಕ್ಕೆ ಜಾರದು. ಈ ಇಳಿಜಾರು ಕೊಡದೆ ಬಡಿದರೆ ಉಬ್ಬಿದ ಹಿತ್ತಾಳೆಗೆ ಜಾಗವಿಲ್ಲದೆ ಮರವೇ ಸೀಳುತ್ತದೆ.

ನಂತರ ಹೆಚ್ಚುವರಿ ಮರವನ್ನು ಸಣ್ಣ ಗರಗಸದಿಂದ ತೆಗೆದು, ತಗಡಿನ ಅಂಚಿನವರೆಗೆ ಅರ ಹಾಕಿ. ಮೋಟಾರು ಬೆಲ್ಟ್ ಬಳಸುವವರು ಆಗಾಗ ಹಿತ್ತಾಳೆ ಮುಟ್ಟಿ ನೋಡಲಿ. ಕೈಗೆ ಸುಡುವಷ್ಟಾದರೆ ಕೆಳಗಿನ ಅಂಟು ಆಗಲೇ ಸಡಿಲಿಸಿರುತ್ತದೆ.

ಜೋಡಣೆ ಮತ್ತು ಬಡಿತ

ಪಿನ್ ಬಡಿಯುವ ಮೊದಲು ಒಮ್ಮೆ ಸುಮ್ಮನೆ ಜೋಡಿಸಿ ನೋಡಿ. ಹಿಂದಿನ ಪಿನ್, ನಡುವಿನ ಪಿನ್ ತೂರಿಸಿ, ಅಲಗನ್ನು ಮಡಚಿದ ಸ್ಥಿತಿಯಲ್ಲಿ ಇಟ್ಟು, ಕ್ಲ್ಯಾಂಪಿನಿಂದ ಸ್ಪ್ರಿಂಗಿನ ವಿರುದ್ಧ ಒತ್ತಿ. ಅಲಗಿನದೂ ಎರಡು ತಗಡುಗಳದೂ ಸೇರಿ ಮೂರೂ ತೂತು ಒಂದೇ ನೇರಕ್ಕೆ ಬಂದಾಗ ತುದಿ ಚೂಪು ಮಾಡಿದ ಪಿನ್ ತಳ್ಳಿದರೆ ಒಳಗೆ ಹೋಗುತ್ತದೆ. ಚೂಪು ಮಾಡದ ಪಿನ್ ಇಲ್ಲಿ ಎಷ್ಟು ಬಡಿದರೂ ಹೋಗದು, ತೂತಿನ ಬಾಯಿ ಕೆಡಿಸುವುದಷ್ಟೇ ಅದರ ಕೆಲಸ. ತೆರೆದು ಮಡಚಿ ನೋಡಿ. ಅಲಗು ಎರಡು ತಗಡುಗಳ ನಡುವೆ ಸರಿಯಾಗಿ ಇಳಿಯಬೇಕು. ಒಂದು ಕಡೆಗೆ ತಾಗುತ್ತಿದ್ದರೆ ಹೆಚ್ಚಾಗಿ ಆ ಕಡೆಯ ಮರದ ತೂತು ಪಿನ್ನನ್ನು ವಾಲಿಸುತ್ತಿರುತ್ತದೆ. ಮರದ ತೂತನ್ನು ಸೂಜಿ ಅರದಿಂದ ಕೊಂಚ ಸಡಿಲಿಸಿ, ತಗಡಿನದನ್ನು ಮುಟ್ಟಬೇಡಿ.

ಹಿಂದಿನ ಎರಡು ಪಿನ್‌ಗಳನ್ನು ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ಹಿತ್ತಾಳೆ ಮೆತ್ತಗಾಗುತ್ತದೆ. ಅಲಗು ತಿರುಗುವ ಪಿನ್ನನ್ನು ಮಾತ್ರ ಕಾಯಿಸಬೇಡಿ, ಮೆತ್ತಗಾದರೆ ಬೇಗ ಸವೆಯುತ್ತದೆ. ಪ್ರತಿ ಪಿನ್ ಎರಡೂ ಕಡೆ 1.2 ಮಿಮೀಯಷ್ಟು ಹೊರಗೆ ಉಳಿಯುವಂತೆ ಕತ್ತರಿಸಿ ತುದಿ ಚಪ್ಪಟೆ ಮಾಡಿ. ಇದಕ್ಕಿಂತ ಉದ್ದ ಬಿಟ್ಟರೆ ಪಿನ್ ಉಬ್ಬುವ ಬದಲು ಬಾಗುತ್ತದೆ.

ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ತಗಡು ಸುಮಾರು 0.1 ಮಿಮೀ ದಪ್ಪ. ಅದರ ಸಣ್ಣ ಪಟ್ಟಿಗೆ ಪಿನ್ ಹಾಯುವಷ್ಟು ಸೀಳು ಕತ್ತರಿಸಿ, ಅಲಗಿನ ಬುಡಕ್ಕೂ ತಗಡಿಗೂ ನಡುವೆ ಒಂದು ಕಡೆ ತೂರಿಸಿ. ಬಡಿದಾದ ಮೇಲೆ ಇದನ್ನು ಎಳೆದು ತೆಗೆದರೆ ಅಲಗು ತಿರುಗಲು ಬೇಕಾದಷ್ಟೇ ಜಾಗ ಉಳಿದಿರುತ್ತದೆ. ಇದನ್ನು ಮರೆತವರ ಚಾಕು ಕೈಯಿಂದ ತೆರೆಯಲಾಗದಷ್ಟು ಬಿಗಿಯುತ್ತದೆ.

ಈಗ ಸುತ್ತಿಗೆ. ಹಿಂದಿನದು ಮೊದಲು, ನಡುವಿನದು ಆಮೇಲೆ, ಅಲಗಿನ ಪಿನ್ ಕೊನೆಗೆ. ಕೆಳತುದಿ ಹಳಿಯ ಮೇಲೆ ಕೂತಿರಲಿ. ಗುಂಡುತಲೆಯಿಂದ ಪಿನ್ನಿನ ಅಂಚಿನ ಸುತ್ತ ಹಗುರವಾಗಿ ತಟ್ಟುತ್ತ ಬನ್ನಿ, ನಡುವೆ ಜೋರಾಗಿ ಹೊಡೆಯಬೇಡಿ. ಹತ್ತು ಹನ್ನೆರಡು ತಟ್ಟಿಗೊಮ್ಮೆ ಚಾಕು ಮಗುಚಿ ಇನ್ನೊಂದು ಕಡೆ ತಟ್ಟಿ. ಒಂದೇ ಕಡೆ ಮುಗಿಸಲು ಹೋದರೆ ಒಂದು ತಲೆ ದೊಡ್ಡದು, ಇನ್ನೊಂದು ಏನೂ ಇಲ್ಲ. ತೂತಿನ ಸುತ್ತ ಕಾಣುತ್ತಿದ್ದ ಕಪ್ಪು ಗೆರೆ ಮಾಯವಾದರೆ ಇಳಿಜಾರು ತುಂಬಿದೆ, ಅಲ್ಲಿಗೆ ನಿಲ್ಲಿಸಿ. ಆ ಮೇಲಿನ ಪ್ರತಿ ಏಟೂ ಮರಕ್ಕೆ ಬೀಳುತ್ತದೆ.

ಅಲ್ಯೂಮಿನಿಯಂ ಪಟ್ಟಿ ಎಳೆದು ತೆಗೆದು ತೆರೆದು ನೋಡಿ. ಬಿಗಿ ಎನಿಸಿದರೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ನಲವತ್ತೈವತ್ತು ಸಲ ತೆರೆದು ಮಡಚಿ. ಆಗಲೂ ಬಿಗಿಯಿದ್ದರೆ, ಪಿನ್ನಿನ ಒಂದು ತಲೆ ನಟ್ಟಿನ ತೂತಿನೊಳಗೆ ಇಳಿಯುವಂತೆ ಚಾಕು ಇಟ್ಟು ಇನ್ನೊಂದು ತಲೆಗೆ ಒಂದೇ ಹಗುರ ಏಟು ಕೊಡಿ, ಮತ್ತೆ ಪರೀಕ್ಷಿಸಿ. ಅಲಗಿನ ತುದಿ ಅತ್ತಿತ್ತ ಅಲುಗಿದರೆ ಚಾಕುವನ್ನು ಹಳಿಯ ಮೇಲೆ ಇಟ್ಟು ಎರಡೂ ತಲೆಗೆ ಎರಡೆರಡು ತಟ್ಟು ಸೇರಿಸಿ.

ಆಕಾರ, ನುಣುಪು, ಎಣ್ಣೆ

ಅರ್ಧಗುಂಡು ಅರದಿಂದ ಅಂಚುಗಳ ಚೂಪು ತೆಗೆದು, ಹಿಡಿಕೆಯ ನಡುವೆ ತುಸು ಉಬ್ಬು ಬಿಟ್ಟು ಎರಡೂ ತುದಿಗೆ ಇಳಿಸಿ. ನಡುನಡುವೆ ಕಣ್ಣು ಮುಚ್ಚಿ ಮುಷ್ಟಿಯಲ್ಲಿ ಹಿಡಿಯಿರಿ, ಕಣ್ಣಿಗೆ ಕಾಣದ ಮೂಲೆ ಕೈಗೆ ಸಿಗುತ್ತದೆ. ಕಾಗದ 120, 220, 320, 400 ಕ್ರಮದಲ್ಲಿ, ಯಾವುದನ್ನೂ ಹಾರಿಸದೆ. ಕಾಗದದ ಹಿಂದೆ ಗಟ್ಟಿಯಾದ ಕಟ್ಟಿಗೆ ತುಂಡು ಇರಲೇಬೇಕು. ಬರಿ ಬೆರಳಿನಿಂದ ಉಜ್ಜಿದರೆ ಮೆತ್ತನೆ ಮರ ಬೇಗ ಸವೆದು ಪಿನ್‌ಗಳು ಗುಬುಟಾಗಿ ಎದ್ದು ನಿಲ್ಲುತ್ತವೆ. ಒದ್ದೆ ಮಾಡಿ ಉಜ್ಜಬೇಡಿ. ಜಾಲಿ, ಹುಣಸೆಗಳಲ್ಲಿ ಒಗರು ಅಂಶ ಹೆಚ್ಚು. ಸ್ಪ್ರಿಂಗಿನಿಂದ ಎದ್ದ ಕಬ್ಬಿಣದ ಧೂಳು ನೀರಿನ ಜೊತೆ ಅದಕ್ಕೆ ತಾಗಿದರೆ ನೀಲಿಗಪ್ಪು ಕಲೆ ಮೂಡುತ್ತದೆ, ಎಳೆಯೊಳಗೆ ಇಳಿದ ಆ ಕಲೆ ಉಜ್ಜಿದರೂ ಹೋಗದು.

ಎಣ್ಣೆಗೆ ಅಗಸೆಯೇ ಸರಿ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಒಂದು ದಿನದಲ್ಲಿ ಒಣಗುತ್ತದೆ. ಗಾಣದ ಹಸಿ ಅಗಸೆ ಎಣ್ಣೆಗೆ ಒಂದೊಂದು ಲೇಪಕ್ಕೂ ಹಲವು ದಿನ ಬೇಕು, ಆದರೆ ಹಣ್ಣು ಕುಯ್ಯುವ ಚಾಕುವಿಗೆ ಒಣಗಿಸುವ ರಾಸಾಯನಿಕ ಸೇರದ ಅದೇ ಮೇಲು. ಕುಸುಬೆ ಎಣ್ಣೆಯೂ ನಿಧಾನವಾಗಿ ಒಣಗುತ್ತದೆ. ಶೇಂಗಾ ಎಣ್ಣೆ ಎಂದೂ ಒಣಗದು, ಜಿಗುಟಾಗಿ ಹೊಲದ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ತೆಳುವಾಗಿ ಹಚ್ಚಿ, 20 ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಪೂರ್ತಿ ಒರೆಸಿ. ಹೀಗೆ ಮೂರು ನಾಲ್ಕು ಲೇಪ. ಕೊನೆಗೆ ಜೇನುಮೇಣ ಸವರಿ ಬಟ್ಟೆಯಿಂದ ತಿಕ್ಕಿ.

ಎರಡು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ ಒಣಗಿಸಿ. ಇನ್ನೊಂದು, ಈ ಎಣ್ಣೆ ಅಲಗು ತಿರುಗುವ ಜಾಗಕ್ಕೆ ಇಳಿಯಬಾರದು. ಅಲ್ಲಿ ಒಣಗಿದರೆ ಅಂಟಾಗಿ ಅಲಗನ್ನೇ ಕಚ್ಚಿ ಹಿಡಿಯುತ್ತದೆ. ಹಚ್ಚುವ ಮೊದಲೇ ಅಲ್ಲಿ ಹೊಲಿಗೆ ಯಂತ್ರದ ಎಣ್ಣೆ ತುಂಬಿ, ಮೇಲೆ ಟೇಪ್ ಹಾಕಿ.

ಬಿದ್ರಿ ಹಾಕಬೇಕೆನಿಸಿದರೆ

ಬೀದರ್ ಹತ್ತಿರವಿದ್ದು ಈ ಆಸೆ ಹುಟ್ಟದಿರದು. ಆದರೆ ಇಡೀ ಪಟ್ಟಿಯನ್ನು ಬಿದ್ರಿಯಲ್ಲಿ ಮಾಡಿಸುವುದನ್ನು ಶಿಫಾರಸು ಮಾಡಲಾಗದು. ಅದು ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ ಸೇರಿದ ಎರಕ, ಪಿನ್ ಬಡಿದರೆ ಬಿರಿಯುತ್ತದೆ. ಭಾರವೂ ಹೆಚ್ಚು: 90×20×2.5 ಮಿಮೀ ಅಳತೆಯ ಎರಡು ಪಟ್ಟಿಗೆ ಸುಮಾರು 64 ಗ್ರಾಂ, ಅದೇ ಜಾಗಕ್ಕೆ ಜಾಲಿ 10 ಗ್ರಾಂ ಒಳಗೆ. ಬದಲಿಗೆ 10 ಮಿಮೀ ಅಗಲ, 1.5 ಮಿಮೀ ದಪ್ಪದ ಒಂದು ಬಿಲ್ಲೆ ಮಾಡಿಸಿ, ಮರದಲ್ಲಿ ಅಷ್ಟೇ ಆಳ ಕುಳಿ ತೆಗೆದು ಎಪಾಕ್ಸಿಯಲ್ಲಿ ಕೂರಿಸಿ. ಬೆಳ್ಳಿಯ ಹೂಬಳ್ಳಿ ಕಪ್ಪು ನೆಲದ ಮೇಲೆ, ಸುತ್ತ ಕೆಂಗಂದು ಮರ. ಈ ಜೋಡಿ ನೋಡಲೇಬೇಕಾದದ್ದು. ಕಪ್ಪು ಬರಿಸುವುದಕ್ಕೆ ಕೋಟೆಯ ಮಣ್ಣಿನ ಜೊತೆ ನವಸಾಗರ ಬಳಸುತ್ತಾರೆ, ಆ ಉಪ್ಪು ಉಕ್ಕಿಗೆ ಶತ್ರು. ಕಪ್ಪು ಮಾಡಿಸಿ, ತೊಳೆದು, ಎಣ್ಣೆ ಸವರಿದ ಬಿಲ್ಲೆಯನ್ನೇ ತನ್ನಿ. ಅಂಟು ಹಿಡಿಯಬೇಕಾದ ಹಿಂಬದಿಯನ್ನು ಮಾತ್ರ ಕಾಗದದಿಂದ ಗೀರಿ, ಅಸಿಟೋನ್‌ನಿಂದ ಒರೆಸಿ. ಕೂರಿಸಿದ ಮೇಲೆ ಅದರ ಮೇಲ್ಮೈಗೆ ಎಮರಿ ಕಾಗದ ತಾಗಿಸಿದರೆ ಕಪ್ಪು ಹೊರಟುಹೋಗುತ್ತದೆ, ಆದ್ದರಿಂದ ಮರದ ನುಣುಪು ಕೆಲಸ ಮುಗಿದ ಮೇಲೆ, ಎಣ್ಣೆಗೆ ಮುಂಚೆ ಇದನ್ನು ಕೂರಿಸಿ.

ಬಳಕೆಗೆ ಬಂದ ಮೇಲೆ

ಜೇಬಿನ ಚಾಕುವಿನ ಅಲಗು ಚಿಕ್ಕದೇ ಇರಲಿ. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಮನೆಬಳಕೆ, ಕೃಷಿಯಂಥ ಕೆಲಸಕ್ಕೆ ಮಾಡಿದವನ್ನು ಬಿಟ್ಟು, ಆಯುಧದ ಪಟ್ಟಿಗೆ ಸೇರಿಸುತ್ತವೆ. ವಿಮಾನದಲ್ಲಿ ಕೈಚೀಲಕ್ಕೆ ಎಷ್ಟು ಚಿಕ್ಕ ಚಾಕುವೂ ಬೇಡ.

ಕೆಲಸವಾದ ಮೇಲೆ ಒದ್ದೆ ಒರೆಸಿ ಇಡಿ, ನೀರಿನಲ್ಲಿ ನೆನೆಹಾಕಬೇಡಿ. ಮಳೆಗಾಲ ಶುರುವಾಗುವ ಮುನ್ನ ಒಂದು ಲೇಪ ಎಣ್ಣೆ, ದೀಪಾವಳಿ ಕಳೆದ ಮೇಲೆ ಇನ್ನೊಂದು. ಮೊದಲ ವರ್ಷ ಪಿನ್ನಿನ ಬಳಿ ಕೂದಲೆಳೆ ಸೀಳು ಕಂಡರೆ ಕೂಡಲೇ ಅದರೊಳಗೆ ಅದೇ ಮರದ ನುಣ್ಣನೆ ಪುಡಿ ಒತ್ತಿ, ತೆಳು ಸೂಪರ್ ಗ್ಲೂ ಒಂದು ಹನಿ ಬಿಡಿ. ಹತ್ತು ನಿಮಿಷದ ನಂತರ 320ರ ಕಾಗದದಿಂದ ಮಟ್ಟಮಾಡಿ ಎಣ್ಣೆ ಸವರಿ. ಸೀಳು ಒಂದು ಪಿನ್ನಿನಿಂದ ಇನ್ನೊಂದಕ್ಕೆ ತಲುಪಿದ್ದರೆ ತೇಪೆ ನಿಲ್ಲುವುದಿಲ್ಲ, ಮುಂದಿನ ಏಪ್ರಿಲ್‌ನಲ್ಲಿ ಚಾಕು ಮತ್ತೆ ಬಿಚ್ಚಿ, ಆ ಪಟ್ಟಿಯೊಂದನ್ನೇ ತೆಗೆದು ಒಣ ಹಲಗೆಯಿಂದ ಹೊಸದು ಕೂರಿಸಿ.